ಗಾಳಿ ಇಳಿಸಿ ಗುಡ್ಡ ಹತ್ತಿದೆವು

ಗುಡ್ಡದ ಮೇಲಿನ ಕಾಲೊನಿ, ಕೊನೆಯ ಸಾಲು
ತಾರೀಖು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಹೊಲಿಗೆ ಹಾಕಿದ ಜಾಗ ಒಣಗಿತೆಂದು ಚಿಕ್ಕಮ್ಮ ಹೇಳಿದರು. ವ್ಯಾಯಾಮ ಮಾಡಿಸಲು ಬರುವ ನರ್ಸನ್ನು ಕೂರಿಸಿಕೊಂಡು, ಆಸ್ಪತ್ರೆಯವರು ರಜೆ ಸರಿಯಾಗಿ ಕೊಡುತ್ತಾರಾ ಎಂದು ವಿಚಾರಿಸುತ್ತೀಯಂತೆ, ಕಾಲು ಮಾತ್ರ ಎತ್ತುವುದಿಲ್ಲವಂತೆ. ಮೊದಲು ಕಾಲು ಎತ್ತು. ಅವರ ಸಂಘ ಆಮೇಲೆ ಕಟ್ಟೋಣ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ಸುದ್ದಿಗೆ ಮೊದಲು ಹಳೆಯದನ್ನು ಸಾಲಾಗಿ ಬರೆಯುತ್ತೇನೆ, ಹಾಗೆ ಬರೆಯಲು ಕಲಿಸಿದವಳು ನೀನೇ. ಗುಡ್ಡಕ್ಕೆ ರಸ್ತೆ ಮಾಡುತ್ತೇವೆ ಎಂದರು, ಮಾಡಲಿಲ್ಲ. ತಿರುವಿನಲ್ಲಿ ಮೋರಿ ಕಟ್ಟುತ್ತೇವೆ ಎಂದರು, ಪೈಪು ತಂದು ಇಳಿಸಿದರು, ಮರುವಾರ ಅದನ್ನೂ ಎತ್ತಿಕೊಂಡು ಹೋದರು. ಕ್ವಾರಿಯ ಲಾರಿ ದಾರಿಯನ್ನು ನಮಗೂ ಬಿಡುತ್ತೇವೆ ಎಂದರು, ಗೇಟು ಹಾಕಿ ಬೀಗ ಜಡಿದರು. ಆ ಕ್ವಾರಿಯಲ್ಲಿ ಕಲ್ಲು ಒಡೆಯುವವರು ನಾವು. ನಾವು ಒಡೆದ ಜಲ್ಲಿಯಿಂದ ಪೇಟೆಯ ರಸ್ತೆಗಳೆಲ್ಲ ಕನ್ನಡಿಯಂತಾದವು, ನಮ್ಮ ಪಾಲಿಗೆ ಉಳಿದದ್ದು ಕೆಸರು. ಆಂಬುಲೆನ್ಸ್ ಕಳಿಸುತ್ತೇವೆ ಎಂದರು, ಅದು ಗುಡ್ಡದ ಬುಡದ ತನಕ ಮಾತ್ರ ಎಂದು ಹೇಳಲಿಲ್ಲ. ಕೊನೆಗೆ ಕಾಲೊನಿಯವರೇ ಕೂಡಿ ಯಾರೋ ಓಡಿಸಿಬಿಟ್ಟ ಎಸ್‌ಯುವಿ ಕೊಂಡಾಗ, ಮಾರಿದವನು "ಇದು ಗೋಡೆ ಬೇಕಾದ್ರೂ ಹತ್ತುತ್ತೆ" ಎಂದಿದ್ದ. ಅದೂ ಸುಳ್ಳಾಯಿತು. ಆಸ್ಪತ್ರೆಯಿಂದ ನಿನ್ನನ್ನು ಕರೆತಂದ ದಿನ ತಿರುವಿನಲ್ಲಿ ಜಾರಿ ಹಿಂದಕ್ಕೆ ಬಂತು. ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತೇವೆಂದು ನಾಲ್ವರು ಮುಂದೆ ಬಂದರೆ ನೀನು, "ನನ್ನನ್ನ ಹೊರೋದು ಒಂದೇ ಸಲ, ಅದಕ್ಕಿನ್ನೂ ಟೈಮಿದೆ" ಎಂದು ಗಾಡಿಯನ್ನು ಚಿಕ್ಕಮ್ಮನ ಮನೆಗೆ ತಿರುಗಿಸಲು ಅಪ್ಪಣೆ ಕೊಟ್ಟೆ. ಇವತ್ತಿಗೆ ಆರು ವಾರ. ಸಂಘ ಗುಡ್ಡದ ಮೇಲೆ, ಸಂಘದ ಅಧ್ಯಕ್ಷೆಯಾದ ನೀನು ಚಿಕ್ಕಮ್ಮನ ಮನೆಯ ಕಿಟಕಿಯಲ್ಲಿ.

ಈಗ ಕೇಳು. ಬುಡದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಅಕ್ಕ ಮಂಗಳವಾರ ನಮ್ಮ ಟೈರಿನ ಮೇಲೆ ಅಂಗೈ ಸವರಿ ನಕ್ಕುಬಿಟ್ಟಳು. "ಇದು ಗಾಡಿ ಜೊತೆ ಕಂಪನಿ ಕೊಟ್ಟ ಟೈರು. ಡಾಂಬರಿಗೆ ಹುಟ್ಟಿದ್ದು. ಇದ್ರಲ್ಲಿ ಕೆಸರು ಹತ್ತೋದೂ ಒಂದೇ, ಸೋಪಿನ ಮೇಲೆ ಕುಣಿಯೋದೂ ಒಂದೇ" ಎಂದಳು. ಬುಧವಾರ ಎಂಥ ದಾರಿಗೂ ಆಗುವ ಆಲ್ ಟೆರೈನ್ ಟೈರು ಬಂದವು, ಸ್ಟೆಪ್ನಿ ಸೇರಿ ಐದು. ಅಂಗೈ ಅಗಲದ ದಪ್ಪ ದಪ್ಪ ಹಲ್ಲು, ನಡುವೆ ಬೆರಳು ಇಳಿಯುವಷ್ಟು ಸಂದು. ಕೆಸರನ್ನು ಹಲ್ಲು ಕಚ್ಚುತ್ತದೆ, ಸಂದು ಉಗುಳುತ್ತದೆ ಎಂದು ಅಕ್ಕ ವಿವರಿಸಿದಳು. ಗಾತ್ರ ತುಸು ಹೆಚ್ಚಾದ್ದರಿಂದ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತಿತ್ತು. ಚಾಕು ತಂದು ಅದರ ಅಂಚನ್ನು ಕೊಯ್ದು ಎಸೆದಳು.

ಅಲ್ಲಿಯ ತನಕ ಎಲ್ಲ ಸರಿ. ಗಾಳಿ ಎಷ್ಟು ಎನ್ನುವಲ್ಲಿ ನಾವು ನಮ್ಮ ಬುದ್ಧಿ ತೋರಿಸಿದೆವು. ಡಾಂಬರಿನಲ್ಲಿ ಮೂವತ್ತೈದು ಇರಲಿ, ಕೆಸರಿಗೆ ಬಂದಾಗ ಇಪ್ಪತ್ತೆರಡಕ್ಕೆ ಇಳಿಸಿ ಎಂದಳು ಅಕ್ಕ. ಅಂಗಡಿ ಮುಂದೆ ಸೇರಿದ್ದ ಸಂಘದವರ ನಡುವೆ ಅಪ್ಪ ಎದ್ದು ನಿಂತು, "ಸೊರಗಿದ ಟೈರು ಇಟ್ಕೊಂಡು ಹೋರಾಟ ಮಾಡೋಕಾಗುತ್ತಾ?" ಎಂದರು. ಅದು ಟೈರಿನ ವಿಷಯ ಎಂದು ಯಾರಿಗೂ ನೆನಪಾಗಲಿಲ್ಲ, ಚಪ್ಪಾಳೆ ಬಿತ್ತು. ನಮ್ಮ ಪದ್ಧತಿಯಂತೆ ಕೈ ಎತ್ತಿಸಿದೆವು. ತುಂಬು ಗಾಳಿಯ ಪರ ಮೂವತ್ತೊಂದು, ವಿರುದ್ಧ ಅಕ್ಕ ಒಬ್ಬಳು. ಮೂವತ್ತೊಂದರಲ್ಲಿ ನಾನೂ ಇದ್ದೆ, ಬೈಯುವುದಾದರೆ ನನ್ನಿಂದಲೇ ಶುರುಮಾಡು. ನಿರ್ಣಯ ಬರೆದು, ಸಹಿ ಹಾಕಿ, ಟೈರುಗಳನ್ನು ಕಲ್ಲಿನಂತೆ ಬಿಗಿ ಮಾಡಿ ಹೊರಟೆವು. ತಿರುವಿನಲ್ಲಿ ಗಾಡಿ ಮತ್ತೆ ಅದೇ ಆಟ ಆಡಿತು. ಹಿಂದಿನಿಂದ ತಳ್ಳುತ್ತಿದ್ದ ಅಪ್ಪನಿಗೆ ತಲೆಯಿಂದ ಕಾಲಿನವರೆಗೆ ಕೆಸರಿನ ಅಭಿಷೇಕ. ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ನಿಮ್ಮ ನಿರ್ಣಯಾನ ಗಾಳಿಗೆ ಓದಿ ಹೇಳಿದ್ರಾ?" ಎಂದು ಕೇಳಿದಳು. ಯಾರ ಅನುಮತಿಗೂ ಕಾಯದೆ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಚಕ್ರಗಳ ಗಾಳಿ ಬಿಟ್ಟಳು. ಟೈರು ಬೆಕ್ಕಿನ ಪಾದದಂತೆ ಅಗಲವಾಗಿ ನೆಲಕ್ಕೆ ಅಂಟಿತು. ಮೊದಲನೇ ಗೇರಿನಲ್ಲಿ ಮೆಲ್ಲಗೆ ಬಿಟ್ಟೆ ಅಮ್ಮಾ, ತಿರುವು ದಾಟಿತು, ಬಂಡೆ ದಾಟಿತು, ನಮ್ಮ ಬಾಗಿಲ ಮುಂದೆ ಬಂದು ನಿಂತಿತು. ಹೆಂಗಸರು ಕೈಗೆ ಸಿಕ್ಕ ಪಾತ್ರೆ ಬಡಿದರು, ಕೂಗಿ ಕೂಗಿ ಕಟ್ಟಿದ ನನ್ನ ಗಂಟಲು ಇನ್ನೂ ಸರಿಹೋಗಿಲ್ಲ. ಅಪ್ಪ ಮಾತ್ರ ತಡವಾಗಿ ಬಂದರು. ಕೆಸರಿನಲ್ಲಿ ಮೂಡಿದ ಟೈರಿನ ಗುರುತನ್ನು ತುಳಿಯದೆ, ಅದರ ಪಕ್ಕದಲ್ಲೇ ನಡೆದು ಬಂದರಂತೆ.

ಶುಕ್ರವಾರ ನಮ್ಮ ರಸ್ತೆಯ ಅರ್ಜಿಯ ಮೇಲೆ ದಾರಿ ನೋಡಲು ರಸ್ತೆ ಇಲಾಖೆಯ ಎಂಜಿನಿಯರ್ ಬಂದ. ತನ್ನ ಕಾರನ್ನು ಬುಡದಲ್ಲಿ ಬಿಟ್ಟು ನಮ್ಮ ಗಾಡಿಯಲ್ಲೇ ಹತ್ತಿದ. ಇಳಿದು ಪ್ಯಾಂಟು ಕೊಡವಿಕೊಂಡು, "ಹತ್ತಿತಲ್ಲ, ಇನ್ನೇನು ರಸ್ತೆ?" ಎಂದ. ನಿನ್ನೆ ಅವನ ಕಾಗದ ಬಂತು: ಈಗಿರುವ ದಾರಿಯು ಸಾಮಾನ್ಯ ವಾಹನಗಳ ಸಂಚಾರಕ್ಕೆ ಯೋಗ್ಯವಾಗಿದೆ, ಅರ್ಜಿಯನ್ನು ಮುಕ್ತಾಯಗೊಳಿಸಬಹುದು. ನೋಡಿದೆಯಾ ಇವರ ವರಸೆ? ನಮ್ಮ ಕಾಲಿಗೆ ನಾವೇ ಹಾಕಿಕೊಂಡ ಮೆಟ್ಟನ್ನು ತಾವು ಮಾಡಿಸಿದ ರಸ್ತೆ ಎಂದು ಬರೆದುಕೊಂಡರು. ಟೈರು ಬದಲಾಯಿಸಿದ್ದು ನೀನು ಮನೆಗೆ ಬರಲಿ ಎಂದು, ಅವರ ಪಾಪ ತೊಳೆಯಲಿ ಎಂದಲ್ಲ. ಓದುತ್ತಿದ್ದಂತೆ ನನಗೆ ಮೈ ಉರಿಯಿತು. ಪಂಕ್ಚರ್ ಅಕ್ಕ ಮಾತ್ರ ಎರಡು ಸಲ ಓದಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾಕೆಂದು ಕೆಳಗೆ ಬರೆದಿದ್ದೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಹಾಸಿಗೆಯನ್ನು ಅಪ್ಪ ದಿನಾ ಬಿಸಿಲಿಗೆ ಹಾಕುತ್ತಿದ್ದಾರೆ, ಕೇಳಿದರೆ ಒಪ್ಪುವುದಿಲ್ಲ.

ನಿನ್ನ ಮಗಳು,
ಸದ್ಯಕ್ಕೆ ಸಂಘದ ಡ್ರೈವರ್

ಉಳಿದ ಮಾತು: ಎಂಜಿನಿಯರಿಗೆ ಉತ್ತರ ಕೊಟ್ಟಿದ್ದೇವೆ. ದಾರಿ ಸಾಮಾನ್ಯ ವಾಹನಕ್ಕೆ ಯೋಗ್ಯ ಎಂದು ತಾವೇ ಬರೆದಿರುವುದರಿಂದ, ಅರ್ಜಿಯ ಬಗ್ಗೆ ನಾವು ಕರೆದಿರುವ ಸಭೆಗೆ ದಯವಿಟ್ಟು ತಮ್ಮ ಸಾಮಾನ್ಯ ವಾಹನದಲ್ಲೇ ಬರಬೇಕು ಎಂದು. ಇದು ಅಕ್ಕನ ಯೋಚನೆ, ಈ ಸಲ ಬಹುಮತ ಅವಳ ಕಡೆಗಿತ್ತು. ಅವನು ಬಿಗುಮಾನಕ್ಕೆ ಬಿದ್ದು ನಿನ್ನೆ ರಾತ್ರಿ ಫೋನಿನಲ್ಲೇ ಒಪ್ಪಿದ್ದಾನೆ. ಸಭೆ ತಿರುವಿನಲ್ಲೇ, ಜಮಖಾನ ಅಪ್ಪ ಹಾಸುತ್ತಾರೆ. ಅವನ ಕಾರು ಹತ್ತಿದರೆ ಅರ್ಜಿ ವಾಪಸು. ಜಾರಿದರೆ, ಮೋರಿಯ ಪೈಪು ಯಾವತ್ತು ಬರುತ್ತದೆ ಎಂದು ನೀನೇ ಕೇಳಬೇಕು. ಅವತ್ತು ಒಂದು ಗಂಟೆಗೆ ಚಿಕ್ಕಮ್ಮನ ಬಾಗಿಲಿಗೆ ಗಾಡಿ ತರುತ್ತೇನೆ. ಮುಂದಿನ ಸೀಟು ನಿನ್ನದು, ಯಾರೂ ನಿನ್ನನ್ನು ಹೊರುವುದಿಲ್ಲ. ಬುಡದಲ್ಲಿ ಗಾಳಿ ಬಿಡಲು ನಿಲ್ಲಿಸಿದಾಗ ಪಂಕ್ಚರ್ ಎಂದು ಗದರಬೇಡ. ಸಭೆ ಗುರುವಾರ, ತಾರೀಖು ಹದಿನೆಂಟು, ಮಧ್ಯಾಹ್ನ ಮೂರು ಗಂಟೆ.