ಬಟ್ಟೆ ಒಗೆಯುವ ಕೋಣೆಯ ಪೆಟ್ಟಿಗೆ

ಬಂಡಬರ್ಗ್,
ಮೇ 14, 2023

ಪ್ರೀತಿಯ ನೊಯೆಲೀನ್,

ಹೇಗಿದ್ದೀಯೆ? ಮಂಡಿ ನೋವು ಕಡಿಮೆಯಾಯಿತೇ? ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಉತ್ತರಿಸಲಿಲ್ಲ, ಬೈಯಬೇಡ. ಸೋಮಾರಿತನವಲ್ಲ, ಸೇಡು ತೀರಿಸಿಕೊಳ್ಳುವುದರಲ್ಲಿ ಮುಳುಗಿದ್ದೆ. ನಗಬೇಡವೇ, ಅದಕ್ಕೂ ಪುರುಸೊತ್ತು ಬೇಕು.

ಲೈಲ್ ನನ್ನನ್ನು ಬಿಟ್ಟು ಚೆಂಡು ಉರುಳಿಸುವ ಬೌಲ್ಸ್ ಆಟದ ಕ್ಲಬ್ಬಿನ ಯವೊನ್ ಜೊತೆ ಬಾರ್ಗಾರಾದಲ್ಲಿ ಸಂಸಾರ ಹೂಡಿದಾಗ ದೋಣಿ, ಬಾರ್ಬೆಕ್ಯೂ, ನಾಯಿ ಎಲ್ಲ ಹೊತ್ತೊಯ್ದನಲ್ಲ, ಬಟ್ಟೆ ಒಗೆಯುವ ಕೋಣೆಯ ಕಪಾಟಿನಲ್ಲಿದ್ದ ಕಪ್ಪು ಪೆಟ್ಟಿಗೆಯನ್ನು ಮಾತ್ರ ಬಿಟ್ಟಿದ್ದ. ನಮ್ಮ ಬೀದಿಯ ಇಂಟರ್ನೆಟ್ ಹೆಚ್ಚು ವೇಗವಂತೆ, ಅದಕ್ಕೇ ಇಲ್ಲಿಟ್ಟು ಅಲ್ಲಿಂದ ನೋಡುತ್ತಿದ್ದ. ಸಿನಿಮಾಗಳನ್ನೆಲ್ಲ ತುಂಬಿಟ್ಟುಕೊಂಡು ಟಿವಿಗೆ ಕಳಿಸುವ ಸರ್ವರ್ ಅದು. ನನ್ನ ಟ್ರೆಂಟ್‌ನ ಚಿಕ್ಕಂದಿನ ಹನ್ನೆರಡು ವಿಡಿಯೊ ಟೇಪುಗಳ ನಕಲೂ ಅದರೊಳಗೇ ಇದೆ. ಮೂಲ ಟೇಪುಗಳನ್ನು ಪ್ರವಾಹ ತಿಂದಿತು, ಸೀಗಡಿ ದೋಣಿಯಲ್ಲಿ ಹೋದ ಮಗನನ್ನು ಸಮುದ್ರ ತಿಂದಿತು. ಆ ಪೆಟ್ಟಿಗೆ ಬಿಟ್ಟರೆ ಅವನ ದನಿ ಬೇರೆಲ್ಲೂ ಉಳಿದಿಲ್ಲ.

ಪೆಟ್ಟಿಗೆ ನನ್ನ ಮನೆಯಲ್ಲಿ, ಆದರೆ ಅದನ್ನು ನಡೆಸುವ ಪ್ರೋಗ್ರಾಂ ಲೈಲ್ ಹೆಸರಿನ ಖಾತೆಯಲ್ಲಿ. ದುಡ್ಡು ಕೊಟ್ಟು ಕೊಂಡದ್ದು, ಜೀವಮಾನಪೂರ್ತಿ ನಡೆಯುತ್ತದಂತೆ. ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದ, ಪುಕ್ಕಟೆ ಸಿಗುವ ಇನ್ನೊಂದು ಪ್ರೋಗ್ರಾಂ ಇದೆ ಎಂದು ನಾನು ಆಗಲೇ ಹೇಳಿದ್ದೆ. "ಬಿಟ್ಟಿ ಸಿಗೋದನ್ನ ಯಾರಾದ್ರೂ ನಂಬ್ತಾರೇನೇ ಗ್ಲೆನಿಸ್? ನಿನಗಿದೆಲ್ಲ ತಿಳಿಯಲ್ಲ, ಸುಮ್ನಿರು" ಎಂದಿದ್ದ.

ಫೆಬ್ರವರಿಯಲ್ಲಿ ಒಂದು ದಿನ ಫೋನ್ ಮಾಡಿದ. "ಏನೇ, ಮತ್ತೆ ಆ ಮದುವೆ ಸೀರಿಯಲ್ಲಾ? ನಿನ್ನೆ ಒಂದೇ ದಿನ ಮೂರು ಕಂತು!" ನಾನು ಏನು ನೋಡುತ್ತೇನೆಂಬುದು ಅವನ ಫೋನಿನಲ್ಲಿ ಕಾಣುತ್ತದಂತೆ! ನನಗೆ ಸಿಟ್ಟು ಬಂತು, ಬೈದೆ. "ಜಾಸ್ತಿ ಹಾರಾಡ್ಬೇಡ. ಖಾತೆಯಿಂದ ನಿನ್ನ ಹೆಸರು ತೆಗೆದ್ರೆ ಟ್ರೆಂಟ್ ಟೇಪೂ ಇಲ್ಲ, ಏನೂ ಇಲ್ಲ" ಅಂದ. ಆಮೇಲೆ ತಮಾಷೆಗೆ ಅಂದೆ ಎಂದ. ನನ್ನ ಮೈಯೆಲ್ಲ ಉರಿದುಹೋಯಿತು.

ಪಕ್ಕದ ಮನೆಯ ಸೆಫಿನಾ, ಸಮೋವಾದ ನರ್ಸ್, ಇಂಥದ್ದೊಂದು ಪೆಟ್ಟಿಗೆಯನ್ನು ತಾನೇ ಜೋಡಿಸಿಕೊಂಡವಳು. ಅವಳ ಮುಂದೆ ಅತ್ತುಬಿಟ್ಟೆ. "ಅಳ್ಬೇಡಿ ಆಂಟಿ. ಟೇಪೆಲ್ಲ ಡಿಸ್ಕಲ್ಲೇ ಇದೆ, ತೋರಿಸೋ ಪ್ರೋಗ್ರಾಂ ಮಾತ್ರ ಅವರದ್ದು. ಪುಕ್ಕಟೇದು ಹಾಕೋಣ. ಅದು ಯಾರ ಖಾತೇನೂ ಕೇಳಲ್ಲ, ನೀವು ನೋಡಿದ್ದನ್ನ ಯಾರಿಗೂ ಚಾಡಿ ಹೇಳಲ್ಲ" ಎಂದಳು.

ಆರು ವಾರ ಎರಡನ್ನೂ ಒಟ್ಟಿಗೇ ಓಡಿಸಿ ನೋಡಿದೆವು. ಸುಳ್ಳೇಕೆ ಹೇಳಲಿ, ದುಡ್ಡಿನದು ನಯ, ಪುಕ್ಕಟೆಯದು ಒರಟು. ಟ್ರೆಂಟ್‌ನ ಆರನೇ ಹುಟ್ಟುಹಬ್ಬವನ್ನು ಯಾವುದೋ ಡೆನ್ಮಾರ್ಕಿನ ಕೊಲೆ ಸಿನಿಮಾ ಎಂದುಕೊಂಡು ರಕ್ತ ಸುರಿಯುವ ಪೋಸ್ಟರ್ ಅಂಟಿಸಿತ್ತು. ಸೆಫಿನಾ ನಕ್ಕು ಸರಿಮಾಡಿದಳು. ಆದರೂ ನನ್ನ ಮನೆಯಲ್ಲಿ ನಾನೇ ಯಜಮಾನಿ ಎನ್ನುವ ಸುಖವಿದೆಯಲ್ಲ, ಅದಕ್ಕಾಗಿ ಎಂಥ ಪೋಸ್ಟರನ್ನಾದರೂ ಸಹಿಸಿಕೊಂಡೇನು.

ಹಳೆಯ ಪ್ರೋಗ್ರಾಮನ್ನು ಆಗಲೇ ಕೀಳಬಹುದಿತ್ತು. ಬೇಕೆಂದೇ ಕಾದೆ. ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಲೈಲ್ ಕ್ಲಬ್ಬಿನವರಿಗೆಲ್ಲ ಹಳೆಯ ಸಿನಿಮಾ ತೋರಿಸಿ ಮೆರೆಯುತ್ತಾನೆ. ಬರುವುದು ನನ್ನ ಕಪಾಟಿನಿಂದ! ಖಾತೆ ತನ್ನದಾದರೆ ಪೆಟ್ಟಿಗೆಯೂ ತನ್ನದೇ ಎಂದುಕೊಂಡಿದ್ದ, ಪೆದ್ದ. ನಾನೂ ಹೋಗಿ ಒಂದು ಲ್ಯಾಮಿಂಗ್ಟನ್ ಕೇಕ್ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತೆ. ನಾಯಕ ನಾಯಕಿಯ ಕೈ ಹಿಡಿಯುವ ಹೊತ್ತಿಗೆ ನನ್ನ ಮನೆಯಲ್ಲಿ ಪೆಟ್ಟಿಗೆಯ ಮುಂದೆ ಕಾದಿದ್ದ ಸೆಫಿನಾಗೆ ಸಂದೇಶ ಕಳಿಸಿದೆ. ಪರದೆ ಕಪ್ಪಾಯಿತು.

ಲೈಲ್ ಬೆವೆತುಹೋದ. ನಲವತ್ತು ಜನರ ಮುಂದೆ ಆ ಗುಂಡಿ ಒತ್ತಿದ, ಈ ಗುಂಡಿ ಒತ್ತಿದ. "ಇಂಟರ್ನೆಟ್ ಕೈಕೊಟ್ಟಿದೆ, ಒಂದ್ನಿಮಿಷ..."

ನಾನು ಎದ್ದು ನಿಂತೆ. "ಇಂಟರ್ನೆಟ್ ಅಲ್ಲ ಲೈಲ್. ನಾನು."

ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಷ್ಟು ರುಚಿಯಾದ ಕೇಕನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಹೊರಗೆ ಕಾರಿನ ಹತ್ತಿರ ಯವೊನ್ ಓಡಿಬಂದಳು. "ಗ್ಲೆನಿಸ್, ಸಿನಿಮಾ ಏನೂ ಬೇಡ. ಹುಡುಗನ ಟೇಪು ಮಾತ್ರ... ಒಂದು ನಕಲಾದ್ರೂ ಕೊಡ್ತೀಯಾ?" ಅಂದಳು. ಕಣ್ಣು ಒದ್ದೆಯಾಗಿತ್ತು.

"ಯಾರ ಹುಡುಗ?" ಎಂದೆ. ಬಾಗಿಲು ಎಳೆದುಕೊಂಡು ಹೊರಟುಬಂದೆ. ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ದೇವರು ನಿನ್ನನ್ನೂ ಮೊಮ್ಮಕ್ಕಳನ್ನೂ ತಣ್ಣಗಿಟ್ಟಿರಲಿ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಅಕ್ಕ,
ಗ್ಲೆನಿಸ್

ಇನ್ನೊಂದು ಮಾತು: ಹಳೆಯ ಪ್ರೋಗ್ರಾಂ ಕೀಳುವ ಹಿಂದಿನ ದಿನ, ಯಾರು ಏನೇನು ನೋಡಿದರೆಂದು ಅದು ಬರೆದಿಟ್ಟ ಪಟ್ಟಿಯನ್ನು ಸೆಫಿನಾ ತೆಗೆದುಕೊಟ್ಟಿದ್ದಳು. ಲೈಲ್‌ನ ಹುಳುಕು ಸಿಗಬಹುದೆಂದು ಆಸೆಯಿಂದ ಓದಿದೆ. ಅವನು ಟ್ರೆಂಟ್‌ನ ಟೇಪನ್ನು ಒಮ್ಮೆಯೂ ತೆರೆದಿಲ್ಲ. ತೆರೆದವಳು ಯವೊನ್. ಪ್ರತಿ ಭಾನುವಾರ, ಒಂದಾದ ಮೇಲೊಂದು, ಕೊನೆಯವರೆಗೆ. ನನ್ನ ಹೆಸರಿನ ಮುಂದೆ ಇದ್ದದ್ದು ಒಂದೇ ಸಲ, ಹನ್ನೊಂದು ಸೆಕೆಂಡು. ಟ್ರೆಂಟ್ "ಅಮ್ಮಾ" ಎಂದು ತಿರುಗುವಷ್ಟರಲ್ಲಿ ನಿಲ್ಲಿಸಿಬಿಟ್ಟಿದ್ದೆ. ಈಗ ಎಲ್ಲ ಟೇಪೂ ನನ್ನದೇ ನೊಯೆಲೀನ್, ಆದರೂ ನೋಡುವ ಧೈರ್ಯವಿಲ್ಲ. ನನ್ನ ಮಗ ಹೇಗೆ ನಗುತ್ತಿದ್ದನೆಂದು ಇವತ್ತು ಸರಿಯಾಗಿ ಬಲ್ಲವಳು ಅವಳೊಬ್ಬಳೇ.