ಅಣ್ಣನ ಊದಿದ ಕಾಲು

ಮಾರ್ಚ್ ೧೨, ಮಂಗಳವಾರ

ನಮ್ಮ ವಂಶದಲ್ಲಿ ಯಾರಿಗೂ ಕಿಡ್ನಿ ಕಾಯಿಲೆ ಇರಲಿಲ್ಲವೆಂದು ಡಾಕ್ಟರ ಮುಂದೆ ಎದೆ ತಟ್ಟಿಕೊಂಡು ಹೇಳಿಬಿಟ್ಟೆ. ಪಕ್ಕದಲ್ಲೇ ಅಣ್ಣನ ಮಗ, ರೈಲು ಹಳಿ ನೋಡಿಕೊಳ್ಳುವವನು, ಊದಿದ ಕಾಲು ಚಾಚಿ ಕೂತಿದ್ದ. ತೀರಿಹೋದ ಅಣ್ಣನಿಗೂ ಇದೇ ಕಾಯಿಲೆ, ಇದೇ ಊದಿದ ಕಾಲು, ಇದೇ ಕೆಲಸ. ಕೆಲಸ ಹೋದೀತೆಂದು ಹೆದರಿ, ಯಾರಿಗೂ ಹೇಳದಂತೆ ನನ್ನಿಂದ ಆಣೆ ಮಾಡಿಸಿಕೊಂಡಿದ್ದ. ಎರಡು ವರ್ಷ ಅವನ ಕೋಟು ತೊಟ್ಟು ಹಳಿಯ ಬೋಲ್ಟು ಬಿಗಿ ಮಾಡಿದವನು ನಾನೇ. ಒಂದು ರೈಲಾದರೂ ಉರುಳಿತೇ?

ಬಾಗಿಲವರೆಗೆ ಬಂದವನು ತಡೆಯಲಾರದೆ ಹಿಂದಿರುಗಿ ನಿಜ ಹೇಳಿದೆ. "ಈಗಲಾದ್ರೂ ಬಾಯಿ ಬಿಟ್ರಲ್ಲ ಯಜಮಾನ್ರೇ," ಎಂದು ಡಾಕ್ಟರು ಬೇರೆ ಪರೀಕ್ಷೆ ಬರೆದುಕೊಟ್ಟರು.

ಅಣ್ಣನ ಮಗ ಬೈಯುತ್ತಾನೆಂದುಕೊಂಡೆ. "ಅಪ್ಪ ನನ್ನನ್ನ ಯಾಕೆ ಎತ್ಕೊಳ್ತಿರಲಿಲ್ಲ ಅಂತ ಈಗ ಗೊತ್ತಾಯ್ತು ಚಿಕ್ಕಪ್ಪ. ನಾನಂದ್ರೆ ಇಷ್ಟ ಇಲ್ಲ ಅನ್ಕೊಂಡಿದ್ದೆ," ಎಂದ.

ಊರಿಗೆಲ್ಲ ಮಾತು ಕಲಿಸಿದ ನಾನು ಬಗ್ಗಿ ಅವನ ಊದಿದ ಕಾಲಿಗೆ ಚಪ್ಪಲಿ ತೊಡಿಸಿ ಮನೆಗೆ ಕರೆತಂದೆ. ಚಿಕ್ಕಂದಿನಲ್ಲಿ ಇವನು ಮಲಗಿದ ಮೇಲೆ ಅಣ್ಣ ಪಕ್ಕದಲ್ಲಿ ಕೂತು ಗಂಟೆಗಟ್ಟಲೆ ತಲೆ ಸವರುತ್ತಿದ್ದನೆಂದು ನಾಳೆ ಎದ್ದಕೂಡಲೇ ಹೇಳಬೇಕು.