ಮಡಿ ಹಗ್ಗದ ಮೇಲಿನ ವೈರು

ಕಾಠ್ಮಂಡು, ಗುರುವಾರ

ಕಾಕೂ, ಸುಶಮೀಂದ್ರ ಇಲ್ಲಿಂದಲೇ ಅಡ್ಡಬಿದ್ದಿದ್ದಾನೆ. ಮೊದಲು ಆಶೀರ್ವಾದ ಮಾಡಿ, ಆಮೇಲೆ ಬೈಯಿರಿ.

ನೆರೆದೇಶಗಳು ಕರೆಂಟು ಕೊಟ್ಟು ಕೊಳ್ಳುವ ಸಂತೆ ಕಟ್ಟಲು ಇಲ್ಲಿ ಸಭೆ ಸೇರಿವೆ. ಮಳೆಗಾಲದಲ್ಲಿ ನೇಪಾಳಕ್ಕೆ ಕರೆಂಟು ಮಿಗುತ್ತದೆ, ಬಾಂಗ್ಲಾದೇಶಕ್ಕೆ ಬೇಕಾಗುತ್ತದೆ, ನಡುವೆ ನಮ್ಮ ದೇಶ ಕೂತಿದೆ. ಥೇಟ್ ನಮ್ಮೂರು ಮಕ್ತಲಿನ ನಮ್ಮ ಮನೆ ಮಾಳಿಗೆ! ಈಚೆ ಪಕ್ಕದ ಚನ್ನವೀರಮ್ಮನವರ ಮನೆಯ ಫೇಸ್ ಹೋಗಿ ಕರೆಂಟು ನಿಂತಾಗ ಅವರ ಹೊಲಿಗೆ ಮಿಷನ್ನಿಗೆ ಆಚೆಯ ಮಲ್ಲಣ್ಣನವರ ಮನೆಯಿಂದ ನಮ್ಮ ಮಾಳಿಗೆ ದಾಟಿ ವೈರು ಬರಬೇಕು. ನಡುವೆ ಮಡಿಕೋಲು ಹಿಡಿದು ನೀವು: "ನನ್ನ ಮಡಿ ಸೀರಿ ಮ್ಯಾಲ ಯಾರ ವೈರೂ ಹೋಗಾಕ ಬಿಡಂಗಿಲ್ಲ!"

ಚಹಾದ ಹೊತ್ತಿಗೆ ಈ ಕಥೆ ಹೇಳಿದೆ. ಎಲ್ಲರೂ ನಕ್ಕರು. ಢಾಕಾದ ಅಧಿಕಾರಿಣಿಯೊಬ್ಬರು ಮಾತ್ರ ನಗದೆ, "ಕೊನೆಗೆ ಆ ಹೊಲಿಯುವಾಕೆಗೆ ಕರೆಂಟು ಸಿಕ್ಕಿತೇ?" ಎಂದು ಕೇಳಿದರು. ನಿಮ್ಮ ಮಾನ ಉಳಿಸಲು, "ಸಿಕ್ಕಿತು, ನಮ್ಮ ಕಾಕು ಮಡಿ ಹಗ್ಗವನ್ನೇ ಬಾವಿ ಕಡೆ ಸರಿಸಿದರು" ಎಂದುಬಿಟ್ಟೆ. ಮಧ್ಯಾಹ್ನ ಆಕೆ ಅದನ್ನೇ ವೇದಿಕೆಯ ಮೇಲೆ ಹೇಳಿದರು. ಸಭೆಯೆಲ್ಲ ನಿಮಗೆ ಚಪ್ಪಾಳೆ ತಟ್ಟಿತು! ಈಗ ನೀವು ಹಗ್ಗ ಸರಿಸದಿದ್ದರೆ ಮೂರು ದೇಶದವರ ಮುಂದೆ ನಾನು ಸುಳ್ಳುಗಾರ.

ಇಲ್ಲಿಯ ಚಳಿಗೆ ನೆಗಡಿಯಾಗಿದೆ, ಅಷ್ಟೇ. ಕಣ್ಣಿನ ಪೊರೆ ತೆಗೆಸುವವರೆಗೆ ನೀವೇ ಓದುವ ಹಟ ಬೇಡ. ಹೇಗೂ ಈ ಕಾರ್ಡನ್ನು ನಿಮಗೆ ಓದಿ ಹೇಳುತ್ತಿರುವವರು ಚನ್ನವೀರಮ್ಮನವರೇ ಅಲ್ಲವೇ? ಉತ್ತರ ನನಗೆ ಬರೆಸಬೇಡಿ, ಅವರಿಗೇ ಹೇಳಿಬಿಡಿ.

ಸುಶಮೀ